ಹಳೆ ಕಾರಿಗೆ ಪುಶ್ ಬಟನ್ ಸ್ಟಾರ್ಟ್: ಹುಕುಂ ಬಟನ್ನಿನದು, ಭಾರ ರಿಲೇದು

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲಿಗೆ ನಿಂತ ಹಳೆ ಗಾಡಿಗಳಲ್ಲಿ ಈ ತಕರಾರು ಮಾಮೂಲಿ. ಚಾವಿ ತಿರುವಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತುತ್ತವೆ, ಸೆಲ್ಫ್ ಮಾತ್ರ ಹೊಡೆಯುವುದಿಲ್ಲ. ನಾಲ್ಕೈದು ಸಲ ತಿರುವಿದ ಮೇಲೆ ಒಮ್ಮೆ ಹಿಡಿಯುತ್ತದೆ. "ಸೆಲ್ಫ್ ಹೊಡಿಯಾಕತ್ತಿಲ್ರೀ" ಎಂದು ಗ್ಯಾರೇಜಿಗೆ ಹೋದವರು ಹೊಸ ಬ್ಯಾಟರಿ ಹಾಕಿಸಿಕೊಂಡು ಬರುತ್ತಾರೆ, ಇಲ್ಲವೇ ಸೆಲ್ಫ್ ಮೋಟರ್ ಬಿಚ್ಚಿಸಿ ಕಾರ್ಬನ್ ಬದಲಿಸಿಕೊಂಡು ಬರುತ್ತಾರೆ. ಎರಡು ವಾರಕ್ಕೆ ಮತ್ತೆ ಅದೇ ಪಾಡು. ಇಂಥ ಗಾಡಿಗಳಲ್ಲಿ ಬಹಳ ಸಲ ಸುಟ್ಟಿರುವುದು ಚಾವಿ ತೂತಿನ ಹಿಂದೆ ಕೂತಿರುವ ಸಣ್ಣ ಕಾಂಟ್ಯಾಕ್ಟ್ ಪ್ಲೇಟು. ಪುಶ್ ಬಟನ್ ಹಾಕಿದರೆ ಇದಕ್ಕೆ ಪರಿಹಾರ ಸಿಗುತ್ತದೆ, ಆದರೆ ಸರಿಯಾಗಿ ಹಾಕಿದರೆ ಮಾತ್ರ. ಚಾವಿ ಹೊರುತ್ತಿದ್ದ ಕರೆಂಟನ್ನೇ ಬಟನ್ ಮೇಲೆ ಹೇರಿದರೆ ಆರು ತಿಂಗಳಲ್ಲಿ ಬಟನ್ನೂ ಸುಡುತ್ತದೆ.

ಆದ್ದರಿಂದ ಇಡೀ ಕೆಲಸದಲ್ಲಿ ಹಿಡಿದಿಟ್ಟುಕೊಳ್ಳಬೇಕಾದ ಮಾತು ಒಂದೇ. ಬಟನ್ ಹುಕುಂ ಕೊಡಬೇಕು, ಕರೆಂಟನ್ನು ರಿಲೇ (ಸಣ್ಣ ಕರೆಂಟಿನ ಹುಕುಂ ಮೇಲೆ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು) ಹೊರಬೇಕು. ಸ್ಟೀರಿಂಗ್ ಲಾಕ್ ಬಿಡಿಸುವ ಕೆಲಸ ಮಾತ್ರ ಚಾವಿಯ ಕೈಯಲ್ಲೇ ಉಳಿಯಬೇಕು.

ಒಳಗೆ ಏನು ನಡೆಯುತ್ತದೆ

ಬ್ಯಾಟರಿಯಿಂದ ಸೆಲ್ಫ್ ಮೋಟರಿಗೆ ಹೆಬ್ಬೆರಳ ಗಾತ್ರದ ಕೇಬಲ್ ನೇರವಾಗಿ ಹೋಗುತ್ತದೆ. ಮೋಟರ್ ತಿರುಗುವಾಗ ಅದರಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತದೆ. ಈ ಕೇಬಲ್ಲಿಗೂ ಚಾವಿಗೂ ಸಂಬಂಧವಿಲ್ಲ, ಅದನ್ನು ಮುಟ್ಟುವ ಅಗತ್ಯವೂ ಇಲ್ಲ. ಮೋಟರಿನ ಬೆನ್ನ ಮೇಲಿರುವ ಸೊಲೆನಾಯ್ಡಿಗೆ (ಕರೆಂಟ್ ಬಂದರೆ ಎಳೆಯುವ ಸುರುಳಿಗೆ) ಒಂದು ತೆಳು ವೈರ್ ಬರುತ್ತದೆ. ಚಾವಿಯ ಸ್ಟಾರ್ಟ್ ಸ್ಥಾನದಿಂದ ಬರುವುದು ಅದೇ. ತೆಳು ಎಂದರೂ ಅದು ಹೊರುವ ಭಾರ ಸಣ್ಣದಲ್ಲ. ಸೊಲೆನಾಯ್ಡ್ ಪಿನಿಯನ್ನನ್ನು, ಅಂದರೆ ಮೋಟರಿನ ಸಣ್ಣ ಹಲ್ಲಿನ ಗಾಲಿಯನ್ನು, ಮುಂದೆ ತಳ್ಳುವ ಮೊದಲ ಕ್ಷಣದಲ್ಲಿ 20ರಿಂದ 30 ಆಂಪಿಯರ್‌ವರೆಗೆ ಎಳೆಯಬಹುದು, ಹಿಡಿದ ಮೇಲೆ 10ರ ಆಸುಪಾಸಿಗೆ ಇಳಿಯುತ್ತದೆ. ದಿನಕ್ಕೆ ಹತ್ತು ಸಲ, ಹದಿನೈದು ವರ್ಷ ಈ ಹೊರೆ ಹೊತ್ತ ಚಾವಿ ಸ್ವಿಚ್ಚಿನ ಕಾಂಟ್ಯಾಕ್ಟ್ ಕಪ್ಪಾಗಿ, ಗುಳಿ ಬಿದ್ದು, ವೋಲ್ಟೇಜಿನ ಒಂದು ಪಾಲನ್ನು ತಾನೇ ತಿನ್ನತೊಡಗುತ್ತದೆ.

ಬಿಸಿಲಿಗೆ ಇದು ಉಲ್ಬಣಿಸಲು ಕಾರಣವಿದೆ. ತಾಮ್ರ 10 ಡಿಗ್ರಿ ಕಾದರೆ ಅದರ ರೆಸಿಸ್ಟೆನ್ಸ್ ಶೇ. 4ರಷ್ಟು ಏರುತ್ತದೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ಓಡಿ ನಿಂತ ಗಾಡಿಯ ಬಾನೆಟ್ ಒಳಗೆ, ಇಂಜಿನ್ನಿಗೆ ಅಂಟಿ ಕೂತ ಸೊಲೆನಾಯ್ಡಿನ ಸುರುಳಿ ಬೆಳಗಿನ ತಂಪಿಗಿಂತ 70-80 ಡಿಗ್ರಿ ಹೆಚ್ಚು ಕಾದಿದ್ದರೆ ರೆಸಿಸ್ಟೆನ್ಸ್ ಕಾಲು ಭಾಗಕ್ಕೂ ಹೆಚ್ಚು ಏರಿರುತ್ತದೆ. ಅದು ಎಳೆಯಬಲ್ಲ ಕರೆಂಟೇ ಕಡಿಮೆಯಾಗಿರುತ್ತದೆ, ಅದರಲ್ಲಿ ಹಳೆ ಸ್ವಿಚ್ಚು ತನ್ನ ಪಾಲು ಕಿತ್ತುಕೊಳ್ಳುತ್ತದೆ. ಬೆಳಿಗ್ಗೆ ಒಂದೇ ಸಲಕ್ಕೆ ಹಿಡಿಯುವ ಗಾಡಿ ಮಧ್ಯಾಹ್ನ ಕೈಕೊಡುವುದು ಹೀಗೆ.

ಸಾಮಾನು ತರುವ ಮೊದಲು ಮೂರು ಅಳತೆ

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ರಾತ್ರಿ ನಿಂತ ಗಾಡಿಯ ಬ್ಯಾಟರಿ ಅಳೆಯಿರಿ. ಪೂರ್ತಿ ಚಾರ್ಜ್ ಇದ್ದರೆ 12.6 ವೋಲ್ಟ್ ತೋರಿಸುತ್ತದೆ. 12.2ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಲಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯೇ ಸೋತಿದೆ, ಬಟನ್ನಿಂದ ಏನೂ ಆಗದು.

ಮೂರನೆಯ ಅಳತೆಯೇ ಮುಖ್ಯ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಮೇಲೆ, ಕಪ್ಪು ಕಡ್ಡಿ ಸೊಲೆನಾಯ್ಡಿನ ತೆಳು ವೈರಿನ ತುದಿಯ ಮೇಲೆ ಇಟ್ಟು ಚಾವಿಯನ್ನು ಸ್ಟಾರ್ಟಿಗೆ ತಿರುವಿ ಹಿಡಿಯಿರಿ. ಆಗ ಕಾಣುವುದು ದಾರಿಯಲ್ಲಿ ಸೋರಿದ ವೋಲ್ಟೇಜ್. ಅರ್ಧ ವೋಲ್ಟಿನೊಳಗೆ ಇದ್ದರೆ ಚಾವಿ ಸ್ವಿಚ್ಚು ಚೆನ್ನಾಗಿದೆ, ದೋಷವನ್ನು ಅರ್ತ್ ಪಟ್ಟಿಯಲ್ಲೋ (ಇಂಜಿನ್ನನ್ನು ಬಾಡಿಗೂ ಬ್ಯಾಟರಿ ಮೈನಸ್ಸಿಗೂ ಕೂಡಿಸುವ ಪಟ್ಟಿ) ಸೆಲ್ಫ್ ಮೋಟರಿನಲ್ಲೋ ಹುಡುಕಿ. ಒಂದು ವೋಲ್ಟ್ ದಾಟಿದರೆ ಕಾಯಿಲೆ ಸಿಕ್ಕಿತು. ಎರಡು, ಮೂರು ವೋಲ್ಟ್ ಸೋರುವ ಗಾಡಿಗಳೂ ಓಡುತ್ತಿರುತ್ತವೆ.

ಬಟನ್ ಬೇಕಾಗಿಲ್ಲ, ಗಾಡಿ ಸ್ಟಾರ್ಟ್ ಆದರೆ ಸಾಕು ಎನ್ನುವವರಿಗೆ ಕೆಳಗಿನ ಕೆಲಸದಲ್ಲಿ ರಿಲೇ ಭಾಗವಷ್ಟೇ ಸಾಕು.

ಯಾವ ಗಾಡಿಗೆ ಆಗುತ್ತದೆ, ಯಾವುದಕ್ಕೆ ಬೇಡ

ಚಾವಿಯ ಪ್ಲಾಸ್ಟಿಕ್ ತಲೆಯೊಳಗೆ ಚಿಪ್ ಇರುವ ಗಾಡಿಗಳಲ್ಲಿ ಚಾವಿ ತೂತಿನ ಸುತ್ತ ಒಂದು ಆಂಟೆನಾ ಸುರುಳಿ ಇರುತ್ತದೆ. ಚಾವಿ ಅಲ್ಲಿಲ್ಲದಿದ್ದರೆ ಸೆಲ್ಫ್ ಹೊಡೆದರೂ ಇಂಜಿನ್ ಹಿಡಿಯುವುದಿಲ್ಲ, ಅಥವಾ ಹಿಡಿದು ಎರಡು ಸೆಕೆಂಡಿನಲ್ಲಿ ಆರುತ್ತದೆ. ಇಂಥ ಗಾಡಿಯಲ್ಲಿ ಚಾವಿಯನ್ನು ಆನ್‌ನಲ್ಲಿಟ್ಟು ಸ್ಟಾರ್ಟನ್ನಷ್ಟೇ ಬಟನ್ನಿಗೆ ಕೊಡಬಹುದು. ಚಾವಿಯನ್ನೇ ಬಿಡುವ ಯೋಚನೆ ಅಲ್ಲಿಗೆ ಮುಗಿಯಿತು. ಚಾವಿಯ ಚಿಪ್ಪನ್ನು ಒಡೆದು ಸುರುಳಿಯ ಪಕ್ಕ ಅಂಟಿಸಿಬಿಡುವ ಉಪಾಯ ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಕಂಪನಿ ಕೊಟ್ಟ ಕಳ್ಳತನದ ಕಾವಲನ್ನು ನಾವೇ ಕಿತ್ತು ಹಾಕಿದಂತೆ.

ಆಟೊಮ್ಯಾಟಿಕ್ ಗೇರಿನ ಗಾಡಿಯಲ್ಲಿ ಪಾರ್ಕ್ ಅಥವಾ ನ್ಯೂಟ್ರಲ್ ಬಿಟ್ಟು ಬೇರೆ ಗೇರಿನಲ್ಲಿ ಸೆಲ್ಫ್ ಹೊಡೆಯದಂತೆ ಒಂದು ಸ್ವಿಚ್ ಇರುತ್ತದೆ. ಹೊಸ ವೈರಿಂಗ್ ಅದನ್ನು ಹಾಯ್ದೇ ಹೋಗಬೇಕು. ಫ್ಯೂಸ್ ಬಾಕ್ಸಿನಲ್ಲಿ ಕಂಪನಿಯದೇ ಸ್ಟಾರ್ಟರ್ ರಿಲೇ ಇರುವ ಗಾಡಿಗಳೂ ಇವೆ. ಅಲ್ಲಿ ಚಾವಿ ಹೊರುತ್ತಿರುವುದು ರಿಲೇಯ ಸಣ್ಣ ಕರೆಂಟು ಮಾತ್ರ, ಇನ್ನೊಂದು ರಿಲೇ ಬೇಕಿಲ್ಲ. ಬಾಕ್ಸಿನ ಮುಚ್ಚಳದ ಒಳಬದಿಯ ಚಿತ್ರ ನೋಡಿದರೆ ಗೊತ್ತಾಗುತ್ತದೆ.

ಹಳೆ ಡೀಸೆಲ್ ಗಾಡಿಗಳಲ್ಲಿ ಗ್ಲೋ ಪ್ಲಗ್ ದೀಪ ಆರುವ ತನಕ ಕಾಯುವ ಶಿಸ್ತು ಬಟನ್ ಬಂದ ಮೇಲೂ ಬೇಕು. ಚಾವಿ ಆನ್‌ನಲ್ಲೇ ಉಳಿಯುವುದರಿಂದ ಗ್ಲೋ ವೈರಿಂಗನ್ನಾಗಲಿ, ಇಂಜಿನ್ ನಿಲ್ಲಿಸುವ ಫ್ಯೂಯೆಲ್ ಸೊಲೆನಾಯ್ಡನ್ನಾಗಲಿ ಮುಟ್ಟಬೇಕಿಲ್ಲ.

ಸಾಮಾನು

12 ವೋಲ್ಟ್, 40 ಆಂಪಿಯರ್, ನಾಲ್ಕು ಪಿನ್ನಿನ ರಿಲೇ ಎರಡು ತನ್ನಿ, ಒಂದು ಹಾಕಲು, ಒಂದು ಡ್ರಾಯರಿನಲ್ಲಿಡಲು. ಅದರ ಬೇಸ್ ಒಂದು. ರಿಲೇ ಕೈಯಲ್ಲಿ ಹಿಡಿದು ನೋಡಿ, ಪಿನ್ನುಗಳ ಪಕ್ಕದಲ್ಲಿ 30, 85, 86, 87 ಎಂದು ಕೊರೆದಿರಬೇಕು. 85, 86 ಹುಕುಂ ಪಡೆಯುವ ಸುರುಳಿಯ ತುದಿಗಳು, 30, 87 ದೊಡ್ಡ ಕರೆಂಟ್ ಹಾಯುವ ಕಾಂಟ್ಯಾಕ್ಟಿನವು. ಮೇಲೆ 40 ಎಂದು ಅಚ್ಚಾಗಿದ್ದರೂ ಹಗುರಾಗಿದ್ದು, ಪಿನ್ನು ಅಲುಗಾಡುವಂಥದ್ದು ಬೇಡ. ಇಡೀ ಕೆಲಸದಲ್ಲಿ ಹಣ ಉಳಿಸಬಾರದ ಜಾಗವೆಂದರೆ ರಿಲೇ ಮತ್ತು ಫ್ಯೂಸ್ ಹೋಲ್ಡರ್.

ಬಟನ್ ವಿಷಯದಲ್ಲಿ ಎಚ್ಚರ. ಒತ್ತಿದಾಗ ಹತ್ತಿ, ಕೈ ಬಿಟ್ಟೊಡನೆ ಆರುವ, ಮನೆಯ ಕಾಲಿಂಗ್ ಬೆಲ್ಲಿನಂಥ ಬಟನ್ ಬೇಕು. ಒತ್ತಿದರೆ ಒಳಗೇ ಕೂರುವ ಜಾತಿ ತಂದರೆ ಇಂಜಿನ್ ಹಿಡಿದ ಮೇಲೂ ಸೆಲ್ಫ್ ತಿರುಗುತ್ತಲೇ ಇದ್ದು ಸುಟ್ಟುಹೋಗುತ್ತದೆ. ನೋಡಲು ಎರಡೂ ಒಂದೇ ಥರ, ಅಂಗಡಿಯಲ್ಲೇ ಒತ್ತಿ ನೋಡಿ ತನ್ನಿ. ಬೆಳಗಾವಿಯ ಉದ್ಯಮಬಾಗ್‌ನಂಥ ಕಾರ್ಖಾನೆಗಳ ಕಡೆ ಮೆಷಿನ್ ಪ್ಯಾನೆಲ್ಲಿಗೆ ಹಾಕುವ 22 ಮಿಮೀ ಲೋಹದ ಬಟನ್ನುಗಳು ಬಳಕೆಯಲ್ಲಿವೆ. ಗಟ್ಟಿಮುಟ್ಟು, ಧೂಳಿಗೂ ಜಗ್ಗುವುದಿಲ್ಲ. ಆದರೆ ಅವುಗಳೊಳಗಿನ ದೀಪ 230 ವೋಲ್ಟಿನದಾಗಿದ್ದರೆ ಕಾರಿನಲ್ಲಿ ಹತ್ತುವುದೇ ಇಲ್ಲ. 12 ವೋಲ್ಟ್ ಡಿಸಿ ದೀಪದ್ದು ಕೇಳಿ. ಐಪಿ65 (ಧೂಳು, ನೀರು ತಡೆಯುವ ದರ್ಜೆ) ಎಂದಿದ್ದರೆ ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ರಸ್ತೆಯ ಧೂಳಿಗೂ, ಖಾನಾಪುರದ ಕಡೆಯ ಮಳೆಗಾಲದ ತೇವಕ್ಕೂ ತಡೆಯುತ್ತದೆ.

ವೈರ್: ಬ್ಯಾಟರಿಯಿಂದ ರಿಲೇಗೆ ಮತ್ತು ರಿಲೇಯಿಂದ ಸೊಲೆನಾಯ್ಡ್ ವೈರಿಗೆ 4 ಚದರ ಮಿಮೀ, 3 ಮೀಟರ್. ಬಟನ್, ಕ್ಲಚ್, ಅರ್ತ್ ಕೆಲಸಕ್ಕೆ 1 ಚದರ ಮಿಮೀ, ಎರಡು ಬಣ್ಣದಲ್ಲಿ ಮೂರು ಮೂರು ಮೀಟರ್. ಎರಡೂ ಗಾಡಿಗೆಂದೇ ಮಾಡಿದ ಬಹು ಎಳೆಯ ವೈರ್ ಆಗಿರಲಿ. ಮನೆಯ ವೈರಿಂಗಿನಲ್ಲಿ ಉಳಿದ ಒಂಟಿ ಎಳೆಯ ತುಂಡು ಅಲುಗಾಟಕ್ಕೆ ಒಳಗೊಳಗೇ ಮುರಿಯುತ್ತದೆ, ಅದರ ಹೊದಿಕೆ ಬಾನೆಟ್ಟಿನ ಕಾವಿಗೆ ಮೆತ್ತಗಾಗುತ್ತದೆ.

ಇವುಗಳ ಜೊತೆಗೆ 30 ಆಂಪಿಯರ್ ಬ್ಲೇಡ್ ಫ್ಯೂಸ್ ಹೋಲ್ಡರ್ ಸಮೇತ ಒಂದು, 5 ಆಂಪಿಯರ್‌ದು ಒಂದು, 6.3 ಮಿಮೀ ಹೆಣ್ಣು ಲಗ್ಗು (ವೈರಿನ ತುದಿಗೆ ಒತ್ತುವ ಲೋಹದ ಕ್ಲಿಪ್ಪು) ಹನ್ನೆರಡು, ದುಂಡು ಲಗ್ಗು ನಾಲ್ಕು, ಬಟ್ ಜಾಯಿಂಟ್ ಆರು, ಬಿಸಿಗೆ ಕುಗ್ಗುವ ಸ್ಲೀವ್ ಒಂದು ಮೀಟರ್, ಸುರುಳಿ ಪೈಪು ಎರಡು ಮೀಟರ್, ಒಂದು ರಬ್ಬರ್ ಗ್ರೊಮೆಟ್, 1ಎನ್4007 ಡಯೋಡ್ ಒಂದು. ಕ್ಲಚ್ಚಿಗಾಗಿ ಎರಡು ಪಿನ್ನಿನ ಸಾದಾ ಬ್ರೇಕ್ ಲೈಟ್ ಸ್ವಿಚ್ ಒಂದು. ಉಪಕರಣಗಳಲ್ಲಿ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಲಗ್ಗು ಒತ್ತುವ ಕ್ರಿಂಪಿಂಗ್ ಇಕ್ಕಳ, 10 ನಂಬರ್ ಪಾನಾ, ಸ್ಕ್ರೂಡ್ರೈವರ್ ಮತ್ತು ಬಟನ್ ಅಳತೆಯ ಹೋಲ್ ಸಾ.

ವೈರ್ ಗುರುತಿಸುವುದು

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಪ್ಲಸ್ ಮೊದಲು ಬಿಚ್ಚಲು ಹೋದರೆ ಪಾನಾ ಬಾಡಿಗೆ ತಾಗಿದ ಕ್ಷಣ ಬೆಂಕಿಯ ಕಿಡಿ ಹಾರುತ್ತದೆ. ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇದ್ದರೆ ಮೈನಸ್ ಬಿಚ್ಚಿ ಕನಿಷ್ಠ ಐದು ನಿಮಿಷ ಬಿಡಿ. ಹಳದಿ ಹೊದಿಕೆಯ ವೈರ್, ಹಳದಿ ಕಪ್ಲರ್ ಕಂಡರೆ ಅದಕ್ಕೆ ಮೀಟರ್ ಕಡ್ಡಿಯನ್ನೂ ತಾಗಿಸಬೇಡಿ, ಟೆಸ್ಟ್ ಲ್ಯಾಂಪನ್ನೂ ತಾಗಿಸಬೇಡಿ.

ಸ್ಟೀರಿಂಗ್ ಕಂಬದ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಚಾವಿಯ ಹಿಂದಿನಿಂದ ಬರುವ ನಾಲ್ಕೈದು ದಪ್ಪ ವೈರುಗಳ ಕಪ್ಲರ್ ಸಿಗುತ್ತದೆ. ಬಣ್ಣ ನೋಡಿ ಕತ್ತರಿಸಬೇಡಿ. ಬಣ್ಣ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಹಿಂದೆ ಯಾರೋ ಮೆಕ್ಯಾನಿಕ್ ಬದಲಿಸಿರಲೂಬಹುದು. ಸೊಲೆನಾಯ್ಡಿನ ತೆಳು ವೈರ್ ಕಿತ್ತಿಟ್ಟು, ಬ್ಯಾಟರಿ ಮತ್ತೆ ಜೋಡಿಸಿ, ಕಪ್ಲರ್ ಹಾಕಿದ್ದಂತೆಯೇ ಹಿಂಬದಿಯಿಂದ ಒಂದೊಂದೇ ವೈರ್ ಅಳೆಯಿರಿ. ಚಾವಿ ಪೂರ್ತಿ ಆಫ್ ಇದ್ದಾಗಲೂ 12 ವೋಲ್ಟ್ ಇರುವುದು ಬ್ಯಾಟರಿ ವೈರ್. ಮೊದಲ ಹಲ್ಲಿಗೆ ಜೀವ ಬಂದು, ಸ್ಟಾರ್ಟಿಗೆ ತಿರುವಿದಾಗ ಸಾಯುವುದು ಎಸಿಸಿ, ಅಂದರೆ ಟೇಪು, ಲೈಟರ್ ಇತ್ಯಾದಿ. ಆನ್‌ನಲ್ಲೂ ಸ್ಟಾರ್ಟಿನಲ್ಲೂ ಜೀವಂತ ಇರುವುದು ಐಜಿ, ಇಂಜಿನ್ ಓಡಿಸುವ ವೈರ್. ಸ್ಟಾರ್ಟಿನಲ್ಲಿ ಮಾತ್ರ ಬರುವುದು ಎಸ್‌ಟಿ. ಆನ್‌ನಲ್ಲಿ ಬಂದು ಸ್ಟಾರ್ಟಿನಲ್ಲಿ ಹೋಗುವ ಎರಡನೇ ಐಜಿ ಕೆಲವು ಗಾಡಿಯಲ್ಲಿ ಇರುತ್ತದೆ. ಅದು ಬ್ಲೋವರ್, ಎಸಿಯದು, ನಮಗೆ ಬೇಡ. ಎರಡು ಐಜಿಗಳನ್ನು ಅದಲುಬದಲು ಮಾಡಿಕೊಂಡು ಪೇಚಾಡುವವರೇ ಹೆಚ್ಚು. ಪ್ರತಿ ವೈರಿಗೂ ಟೇಪ್ ಸುತ್ತಿ ಹೆಸರು ಬರೆದು, ಬ್ಯಾಟರಿ ಮೈನಸ್ ಮತ್ತೆ ಬಿಚ್ಚಿ.

ಜೋಡಣೆ

ರಿಲೇ ಬೇಸನ್ನು ಡ್ಯಾಶಿನ ಕೆಳಗೆ ಲೋಹದ ಪಟ್ಟಿಗೆ ಬಿಗಿಯಿರಿ, ಪಿನ್ನುಗಳು ಕೆಳಮುಖವಾಗಿರಲಿ. ಗಾಜಿನ ರಬ್ಬರಿನಿಂದ ಸೋರಿದ ನೀರು ಆಗ ಒಳಗೆ ನಿಲ್ಲುವುದಿಲ್ಲ. ಪೆಡಲ್‌ಗಳ ಓಡಾಟಕ್ಕೆ ಅಡ್ಡ ಬರಬಾರದು. ಬ್ರೇಕ್ ಪೆಡಲ್ ಪೂರ್ತಿ ಒತ್ತಿ, ಬಿಟ್ಟು ನೋಡಿ.

30ನೇ ಪಿನ್ನಿಗೆ ಬ್ಯಾಟರಿ ಪ್ಲಸ್‌ನಿಂದ ದಪ್ಪ ವೈರ್ ತನ್ನಿ. 30 ಆಂಪಿಯರ್ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ಕಾಯುವುದು ತನ್ನ ಮುಂದಿನ ವೈರನ್ನು ಮಾತ್ರ. ರಿಲೇಯ ಹತ್ತಿರ ಹಾಕಿದರೆ ಬಾನೆಟ್ಟಿನಲ್ಲಿ ಹಾಯುವ ಉದ್ದ ವೈರಿಗೆ ರಕ್ಷಣೆಯೇ ಇಲ್ಲ, ತಗಡಿಗೆ ಉಜ್ಜಿದರೆ ಗಾಡಿಗೇ ಬೆಂಕಿ. ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡನ್ನು ಹಾಯುವಲ್ಲಿ ರಬ್ಬರ್ ಗ್ರೊಮೆಟ್ ಕಡ್ಡಾಯ, ಬಾನೆಟ್ ಒಳಗಿನ ಭಾಗಕ್ಕೆ ಸುರುಳಿ ಪೈಪು.

ಎಸ್‌ಟಿ ವೈರನ್ನು ಚಾವಿಯ ಕಪ್ಲರಿನಿಂದ ನಾಲ್ಕು ಇಂಚು ಬಿಟ್ಟು ಕತ್ತರಿಸಿ. ಮುಂದೆಂದಾದರೂ ಮೊದಲಿನಂತೆ ಜೋಡಿಸಲು ಅಷ್ಟು ಬೇಕಾಗುತ್ತದೆ. ಸೊಲೆನಾಯ್ಡ್ ಕಡೆಯ ತುಂಡು ರಿಲೇಯ 87ಕ್ಕೆ ಹೋಗಲಿ. ಚಾವಿ ಕಡೆಯ ತುಂಡನ್ನು ಬಿಸಾಡಬೇಡಿ, 86ಕ್ಕೆ ಜೋಡಿಸಿ. ಹೀಗೆ ಮಾಡಿದರೆ ಚಾವಿಯಿಂದಲೂ ಸ್ಟಾರ್ಟ್ ಆಗುತ್ತದೆ, ಬಟನ್ನಿಂದಲೂ ಆಗುತ್ತದೆ. ಚಾವಿಯ ಸ್ವಿಚ್ಚು 20 ಆಂಪಿಯರ್ ಬದಲು ರಿಲೇ ಸುರುಳಿಯ 0.2 ಆಂಪಿಯರ್ ಮಾತ್ರ ಹೊರುವುದರಿಂದ ಅರೆಬರೆ ಸುಟ್ಟ ಪ್ಲೇಟೂ ಇನ್ನಷ್ಟು ವರ್ಷ ಬಾಳುತ್ತದೆ. ಬಟನ್ ಕೆಟ್ಟ ದಿನ ದಾರಿಯಲ್ಲಿ ನಿಲ್ಲುವ ಭಯವೂ ಇಲ್ಲ. ಚಾವಿಯ ಸ್ಟಾರ್ಟನ್ನು ಪೂರ್ತಿ ಕಡಿದು ಹಾಕುವ ಪದ್ಧತಿಗಿಂತ ಇದು ಎಷ್ಟೋ ಪಾಲು ಮೇಲು.

ಇನ್ನು ಬಟನ್. ಐಜಿ ವೈರಿನಿಂದ ಒಂದು ಕವಲು ತೆಗೆದು, 5 ಆಂಪಿಯರ್ ಫ್ಯೂಸ್ ಹಾಯಿಸಿ ಬಟನ್ನಿನ ಒಂದು ಕಾಲಿಗೆ ಕೊಡಿ. ಇನ್ನೊಂದು ಕಾಲಿನಿಂದ 86ಕ್ಕೆ. ಚಾವಿ ಆನ್ ಇಲ್ಲದಿದ್ದರೆ ಐಜಿಯಲ್ಲಿ ಕರೆಂಟೇ ಇಲ್ಲ, ಹಾಗಾಗಿ ನಿಂತ ಗಾಡಿಯಲ್ಲಿ ಮಕ್ಕಳು ಬಟನ್ ಒತ್ತಿದರೂ ಏನೂ ಆಗದು. ಇದನ್ನು ಬ್ಯಾಟರಿಯ ನೇರ ವೈರಿನಿಂದ ತೆಗೆದರೆ ಆ ಕಾವಲು ಹೋಯಿತು. ಬಟನ್ನಿನ ದೀಪದ ಪ್ಲಸ್ಸನ್ನೂ ಇದೇ ಫ್ಯೂಸಿನ ಮುಂದಿನಿಂದ ಕೊಡಿ. ಎಲ್‌ಇಡಿಗೆ ಪ್ಲಸ್, ಮೈನಸ್ ತಿರುಗುಮುರುಗಾದರೆ ಹತ್ತುವುದಿಲ್ಲ.

85ನೇ ಪಿನ್ನನ್ನು ನೇರ ಅರ್ತಿಗೆ ಕೊಡದೆ ಕ್ಲಚ್ ಸ್ವಿಚ್ ಮೂಲಕ ಕೊಡಿ. ಬ್ರೇಕ್ ಲೈಟ್ ಸ್ವಿಚ್ಚಿನ ಗುಣವೆಂದರೆ ಅದರ ಕಡ್ಡಿ ಒಳಗೆ ಒತ್ತಿದ್ದಾಗ ಸಂಪರ್ಕ ಇರುವುದಿಲ್ಲ, ಕಡ್ಡಿ ಹೊರಬಂದಾಗ ಸಂಪರ್ಕ ಕೂಡುತ್ತದೆ. ಕ್ಲಚ್ ಪೆಡಲ್ ಮೇಲಿದ್ದಾಗ ಅದರ ತೋಳು ಕಡ್ಡಿಯನ್ನು ಒತ್ತಿ ಹಿಡಿಯುವಂತೆ ಒಂದು ಸಣ್ಣ ಪಟ್ಟಿಗೆ ಕೂರಿಸಿದರೆ, ಕ್ಲಚ್ ತುಳಿದಾಗ ಮಾತ್ರ ಸೆಲ್ಫ್ ಹೊಡೆಯುತ್ತದೆ. ಗೇರಿನಲ್ಲಿ ನಿಂತ ಗಾಡಿ ಬಟನ್ ಒತ್ತಿದೊಡನೆ ಮುಂದೆ ನೆಗೆಯುವುದು ತಪ್ಪುತ್ತದೆ. ಚಾವಿ ತಿರುವಲು ಮನಸ್ಸು ಮಾಡಬೇಕು, ಬಟನ್ನಿಗೆ ಮೊಣಕೈ ತಾಗಿದರೂ ಸಾಕು. ಆದ್ದರಿಂದ ಈ ಸ್ವಿಚ್ಚನ್ನು ಬಿಡಬೇಡಿ.

ಅರ್ತಿನ ದುಂಡು ಲಗ್ಗು ಕೂರುವ ಜಾಗದ ಬಣ್ಣ ಕೆರೆದು, ತಗಡು ಹೊಳೆಯುವಂತೆ ಮಾಡಿ ಬಿಗಿಯಿರಿ, ಮೇಲೆ ತುಸು ವ್ಯಾಸಲೀನ್ ಸವರಿ. ಬೆಳಗಾವಿ, ಖಾನಾಪುರದ ಮಳೆಗೆ ತುಕ್ಕು ಹಿಡಿಯುವುದು ಇಲ್ಲಿಂದಲೇ.

ಡಯೋಡನ್ನು 85 ಮತ್ತು 86ರ ನಡುವೆ, ಬಿಳಿ ಪಟ್ಟಿಯ ತುದಿ 86ರ ಕಡೆ ಬರುವಂತೆ ಹಾಕಿ. ಬಟನ್ ಬಿಟ್ಟಾಗ ಸುರುಳಿಯಿಂದ ಏಳುವ ಹೊಡೆತವನ್ನು ಅದು ನುಂಗಿ, ಬಟನ್ನಿನ ಕಾಂಟ್ಯಾಕ್ಟನ್ನೂ ಗಾಡಿಯ ಇಸಿಯುವನ್ನೂ (ಇಂಜಿನ್ ನಡೆಸುವ ಕಂಪ್ಯೂಟರ್) ಕಾಯುತ್ತದೆ. ಪಟ್ಟಿ ತಿರುಗುಮುರುಗಾದರೆ ಬಟನ್ ಒತ್ತಿದ ಕೂಡಲೇ 5 ಆಂಪಿಯರ್ ಫ್ಯೂಸ್ ಹಾರಬಹುದು, ಡಯೋಡೂ ಹೋಗುತ್ತದೆ. ರಿಲೇಯೊಳಗೇ ಡಯೋಡ್ ಇದ್ದರೆ ಅದರ ಮೇಲಿನ ಚಿತ್ರದಲ್ಲಿ ಕಾಣುತ್ತದೆ, ಆಗ ಹೊರಗಿನದು ಬೇಡ.

ಎಲ್ಲ ಜಾಯಿಂಟುಗಳೂ ಕ್ರಿಂಪ್ ಆಗಿರಲಿ. ಬೆಸುಗೆ ಹಾಕಿದರೆ ಗಟ್ಟಿ ಎಂಬ ನಂಬಿಕೆ ಇದೆ. ಬೆಸುಗೆಯ ಸೀಸ ಎಳೆಗಳೊಳಗೆ ಹೀರಿಕೊಂಡು ವೈರ್ ಸೆಟೆಯುತ್ತದೆ, ಸೆಟೆದ ಭಾಗ ಮುಗಿಯುವಲ್ಲಿ ಅಲುಗಾಟಕ್ಕೆ ಮುರಿಯುತ್ತದೆ. ಲಗ್ಗು ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ, ಬಂದರೆ ಬರಲಿ, ರಸ್ತೆಯಲ್ಲಿ ಬರುವುದು ಬೇಡ. ವೈರ್ ತಿರುಚಿ ಟೇಪ್ ಸುತ್ತುವುದಂತೂ ಬೇಡವೇ ಬೇಡ. ನಮ್ಮ ಬಿಸಿಲಿಗೆ ಟೇಪಿನ ಅಂಟು ಒಂದೇ ಬೇಸಿಗೆಯಲ್ಲಿ ಕರಗಿ ಜಾರುತ್ತದೆ.

ತೂತು ಕೊರೆಯುವ ಮೊದಲು ಹಿಂದೆ ಗಾಳಿಯ ಕೊಳವೆ, ವೈರಿನ ಕಟ್ಟು ಇದೆಯೇ ಎಂದು ಕೈಹಾಕಿ ನೋಡಿ. ಖಾಲಿ ಸ್ವಿಚ್ಚಿನ ಜಾಗದ ಮುಚ್ಚಳವಿದ್ದರೆ ಅದರಲ್ಲೇ ಕೊರೆಯುವುದು ಜಾಣತನ, ಕೆಟ್ಟರೆ ಮುಚ್ಚಳ ಕೆಟ್ಟೀತು. ಮೊಣಕಾಲು ತಾಗುವ ಎತ್ತರ ಬೇಡ.

ಪರೀಕ್ಷೆ

ಸೊಲೆನಾಯ್ಡಿನ ತೆಳು ವೈರ್ ಇನ್ನೂ ಬಿಚ್ಚಿಯೇ ಇರಲಿ. ಅದರ ತುದಿಗೆ ಟೆಸ್ಟ್ ಲ್ಯಾಂಪ್ ಹಚ್ಚಿ, ಲ್ಯಾಂಪಿನ ಇನ್ನೊಂದು ತುದಿ ಬಾಡಿಗೆ. ಬ್ಯಾಟರಿ ಜೋಡಿಸಿ. ಚಾವಿ ಆಫ್ ಇಟ್ಟು ಬಟನ್ ಒತ್ತಿ: ಸದ್ದಿಲ್ಲ. ಚಾವಿ ಆನ್, ಕ್ಲಚ್ ತುಳಿಯದೆ ಒತ್ತಿ: ಸದ್ದಿಲ್ಲ. ಕ್ಲಚ್ ತುಳಿದು ಒತ್ತಿ: ರಿಲೇ ಟಕ್ಕೆನ್ನಬೇಕು, ಲ್ಯಾಂಪ್ ಹತ್ತಬೇಕು, ಕೈ ಬಿಟ್ಟೊಡನೆ ಆರಬೇಕು. ಚಾವಿಯಿಂದಲೂ ಹಾಗೇ ಆಗಬೇಕು. ಈ ನಾಲ್ಕೂ ಸರಿಬಂದ ಮೇಲೆಯೇ ತೆಳು ವೈರ್ ಜೋಡಿಸಿ ಇಂಜಿನ್ ಹೊಡೆಯಿರಿ.

ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ. ಇಂಜಿನ್ ಹಿಡಿದ ಸದ್ದು ಕೇಳಿದ ಕೂಡಲೇ ಬೆರಳು ಮೇಲೆ. ಶುರುವಿನಲ್ಲಿ ಮಾಡಿದ ಮೂರನೇ ಅಳತೆಯನ್ನು ಈಗ ಮತ್ತೆ ಮಾಡಿದರೆ ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಏಳೆಂಟು ಸಲ ಸ್ಟಾರ್ಟ್ ಮಾಡಿದ ಮೇಲೆ ಫ್ಯೂಸ್ ಹೋಲ್ಡರ್ ಮತ್ತು ರಿಲೇ ಬೇಸ್ ಮುಟ್ಟಿ ನೋಡಿ. ಎಲ್ಲಿ ಬೆಚ್ಚಗಿದೆಯೋ ಅಲ್ಲಿ ಲಗ್ಗು ಸಡಿಲ.

ಚಾವಿಯಿಂದ ಸ್ಟಾರ್ಟ್ ಮಾಡುವಾಗ ಟೇಪು, ಬ್ಲೋವರ್ ತಾವಾಗಿ ಆರುತ್ತಿದ್ದವು. ಬಟನ್ನಿನಿಂದ ಹಾಗಾಗುವುದಿಲ್ಲ, ಚಾವಿ ಆನ್‌ನಲ್ಲೇ ಇರುತ್ತದೆ. ಬ್ಲೋವರ್, ಎಸಿ, ಹೆಡ್‌ಲೈಟ್ ಆರಿಸಿ ಬಟನ್ ಒತ್ತುವ ರೂಢಿ ಮಾಡಿಕೊಂಡರೆ ಬ್ಯಾಟರಿ ಪೂರ್ತಿ ಸೆಲ್ಫಿಗೆ ಸಿಗುತ್ತದೆ.

ಟಾಗಲ್ ಸ್ವಿಚ್ಚಿನ ಮಾತು

ಕೆಂಪು ಮುಚ್ಚಳದ ಟಾಗಲ್ (ಸಣ್ಣ ಕಡ್ಡಿ ಎತ್ತಿ ಇಳಿಸುವ ಸ್ವಿಚ್ಚು) ಎತ್ತಿ, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಆಸೆ ಹಲವರಿಗೆ. ಐಜಿಯನ್ನೇ ಟಾಗಲ್ಲಿಗೆ ಕೊಟ್ಟು ಚಾವಿಯನ್ನು ಜೇಬಿನಲ್ಲಿಡುವ ಈ ಜೋಡಣೆ ರಸ್ತೆಯ ಗಾಡಿಗೆ ಬೇಡ. ಚಾವಿ ತೆಗೆದರೆ ಸ್ಟೀರಿಂಗ್ ಲಾಕ್ ಸಿದ್ಧವಾಗಿ ಕೂತಿರುತ್ತದೆ. ಟಾಗಲ್ಲಿನಿಂದ ಇಂಜಿನ್ ಶುರುವಾಗಿ ಗಾಡಿ ಹೊರಟು, ಮೊದಲ ತಿರುವಿನಲ್ಲಿ ಸ್ಟೀರಿಂಗ್ ಕಚ್ಚಿಕೊಂಡರೆ ಗಾಡಿ ನೇರ ಹೋಗಿ ಗುದ್ದುತ್ತದೆ. ಅದನ್ನು ತಪ್ಪಿಸಲು ಲಾಕನ್ನೇ ಒಡೆದರೆ ಕಳ್ಳನಿಗೆ ದಾರಿ ಸಲೀಸು. ಇಷ್ಟಲ್ಲದೆ ಟಾಗಲ್ ಆನ್ ಇಟ್ಟು ಇಳಿದು ಹೋದರೆ ನೆನಪಿಸಲು ಕೈಯಲ್ಲಿ ಚಾವಿ ಇರುವುದಿಲ್ಲ. ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ಕೂಡಿಸಿ ಬಿಡಿಸುವ ಕಾಂಟ್ಯಾಕ್ಟ್) ಇರುವ ಹಳೆ ಪೆಟ್ರೋಲ್ ಗಾಡಿಯಲ್ಲಿ ಪಾಯಿಂಟ್ ಕೂಡಿದ ಸ್ಥಿತಿಯಲ್ಲಿ ನಿಂತಿದ್ದರೆ ಇಗ್ನಿಷನ್ ಕಾಯಿಲ್ ಕಾದು ಸುಡುತ್ತದೆ.

ಟಾಗಲ್ಲಿಗೆ ಒಳ್ಳೆಯ ಜಾಗ ಬೇರೆ ಇದೆ. ಕ್ಲಚ್ ಸ್ವಿಚ್ಚಿಗೂ ಅರ್ತಿಗೂ ನಡುವಿನ ಆ ತೆಳು ವೈರಿನಲ್ಲಿ ಒಂದು ಸಣ್ಣ ಟಾಗಲ್ ಹಾಕಿ, ಸೀಟಿನ ಕೆಳಗೋ ಡ್ಯಾಶಿನ ಹಿಂದೋ ಬಚ್ಚಿಡಿ. ಅದು ಆಫ್ ಇದ್ದರೆ ಚಾವಿ ಇದ್ದರೂ ಸೆಲ್ಫ್ ಹೊಡೆಯುವುದಿಲ್ಲ. ದಬ್ಬಿ ಸ್ಟಾರ್ಟ್ ಮಾಡುವುದನ್ನು ಇದು ತಡೆಯದು, ಆದರೆ ಅವಸರದ ಕಳ್ಳನಿಗೆ ಸಾಕಷ್ಟು ತೊಡಕು. ಓಡುವ ಗಾಡಿಯಲ್ಲಿ ಈ ಟಾಗಲ್ ಕೆಟ್ಟರೂ ಇಂಜಿನ್ ನಿಲ್ಲುವುದಿಲ್ಲ ಎಂಬುದೇ ಇದರ ದೊಡ್ಡ ಗುಣ. ಪೆಟ್ರೋಲ್ ಪಂಪ್, ಕಾಯಿಲ್, ಐಜಿ ವೈರುಗಳಲ್ಲಿ ಅಗ್ಗದ ಟಾಗಲ್ ಹಾಕಿದರೆ ಹೆದ್ದಾರಿಯಲ್ಲಿ ಲಾರಿಯ ಮುಂದೆ ಇಂಜಿನ್ ಆರಬಹುದು, ಜೊತೆಗೆ ಬ್ರೇಕಿನ ಪವರ್ ಕೂಡ ಒಂದೆರಡು ತುಳಿತಕ್ಕೆ ಮುಗಿಯುತ್ತದೆ.

ತಕರಾರು ಬಂದರೆ

ರಿಲೇ ಟಕ್ಕೆಂದು ಸೆಲ್ಫ್ ಸುಮ್ಮನಿದ್ದರೆ 30 ಆಂಪಿಯರ್ ಫ್ಯೂಸ್ ನೋಡಿ, ಆಮೇಲೆ 87ರಲ್ಲಿ ವೋಲ್ಟೇಜ್ ಇದೆಯೇ ನೋಡಿ. ಅಲ್ಲಿ 12 ಇದ್ದು ಸೊಲೆನಾಯ್ಡ್ ಎಳೆಯದಿದ್ದರೆ ದೋಷ ಸೊಲೆನಾಯ್ಡಿನದು ಅಥವಾ ಅದಕ್ಕೆ ಹೋಗುವ ವೈರಿನದು. ರಿಲೇ ಟಕಟಕಟಕ ಎಂದು ಬಡಿದುಕೊಂಡರೆ ಬ್ಯಾಟರಿ ಇಳಿದಿದೆ ಅಥವಾ ಇಂಜಿನ್ನಿನ ಅರ್ತ್ ಪಟ್ಟಿ ಸಡಿಲ. ಹಾಗೆ ಬಡಿದುಕೊಳ್ಳುವಾಗ ಒತ್ತುತ್ತಲೇ ಇರಬೇಡಿ. ಪ್ರತಿ ಬಡಿತಕ್ಕೂ ಒಳಗೆ ಕಿಡಿ ಹಾರಿ ಕಾಂಟ್ಯಾಕ್ಟ್ ಬೆಸೆದುಕೊಳ್ಳುತ್ತದೆ.

ಬೆಸೆದುಕೊಂಡ ರಿಲೇ ಎಲ್ಲಕ್ಕಿಂತ ಕೆಟ್ಟ ತಕರಾರು. ಕೈ ಬಿಟ್ಟರೂ ಸೆಲ್ಫ್ ನಿಲ್ಲುವುದಿಲ್ಲ, ಚಾವಿ ಆಫ್ ಮಾಡಿದರೂ ನಿಲ್ಲುವುದಿಲ್ಲ, ಏಕೆಂದರೆ 30ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟಿದೆ. ಆಗ 30 ಆಂಪಿಯರ್ ಫ್ಯೂಸ್ ಕೀಳಬೇಕು. ಆದ್ದರಿಂದ ಆ ಹೋಲ್ಡರ್ ಬಾನೆಟ್ ತೆರೆದೊಡನೆ ಕೈಗೆ ಸಿಗುವಲ್ಲಿರಲಿ, ಬರಿಗೈಯಲ್ಲಿ ಬಿಚ್ಚುವಂತಿರಲಿ. ಗಾಡಿ ಓಡಿಸುವ ಮನೆಯವರಿಗೆಲ್ಲ ಅದನ್ನು ತೋರಿಸಿಡಿ.

ಓಡುತ್ತಿರುವ ಇಂಜಿನ್ ಮೇಲೆ ಬಟನ್ ಒತ್ತಿದರೆ ಪಿನಿಯನ್ ಹೋಗಿ ಫ್ಲೈವೀಲಿನ ಹಲ್ಲಿಗೆ ಕರ್ರೆಂದು ಉಜ್ಜುತ್ತದೆ. ಕ್ಲಚ್ ಸ್ವಿಚ್ ಇದನ್ನು ಪೂರ್ತಿ ತಡೆಯದು. ಕೆಲವರು 85ನ್ನು ಅರ್ತಿನ ಬದಲು ಆಯಿಲ್ ದೀಪದ ಪ್ರೆಶರ್ ಸ್ವಿಚ್ಚಿಗೆ ಕೊಡುತ್ತಾರೆ. ಇಂಜಿನ್ ಹಿಡಿದು ಆಯಿಲ್ ಒತ್ತಡ ಏರಿದೊಡನೆ ಆ ಸ್ವಿಚ್ ಬಿಟ್ಟುಕೊಂಡು ರಿಲೇ ತಾನೇ ಆರುತ್ತದೆ. ಉಪಾಯ ಚೆನ್ನಾಗಿದೆ, ಆದರೆ ಬೇಗ ಹಿಡಿಯದ ಇಂಜಿನ್ನಿಗೆ ಆಗಿಬರುವುದಿಲ್ಲ. ಸೆಲ್ಫಿನ ತಿರುಗಾಟಕ್ಕೇ ಒತ್ತಡ ಏರಿ ನಡುವೆ ಕೈಕೊಡುತ್ತದೆ. ಆಯಿಲ್ ಮುಳ್ಳಿನ ಮೀಟರ್ ಇರುವ ಗಾಡಿಯ ಸೆಂಡರಿಗೆ ಇದನ್ನು ಜೋಡಿಸಲೇಬಾರದು.

ಬಟನ್ ಬಿಟ್ಟೊಡನೆ ಇಂಜಿನ್ ಆರಿದರೆ ಹೊಸ ವೈರಿಂಗನ್ನು ಶಂಕಿಸುವ ಮೊದಲು ಕಾಯಿಲ್ಲಿಗೆ ಹೋಗುವ ವೋಲ್ಟೇಜ್ ನೋಡಿ. ಕಾಯಿಲ್ಲಿನ ಮುಂದೆ ಬ್ಯಾಲಸ್ಟ್ ರೆಸಿಸ್ಟರ್ ಇರುವ ಹಳೆ ಗಾಡಿಗಳಲ್ಲಿ ಸ್ಟಾರ್ಟಿನ ಹೊತ್ತಿಗೆ ಕರೆಂಟ್ ಅದನ್ನು ಬಿಟ್ಟು ಪಕ್ಕದ ದಾರಿಯಲ್ಲಿ ಹೋಗುತ್ತದೆ, ಓಡುವಾಗ ಅದರೊಳಗಿಂದ ಹೋಗುತ್ತದೆ. ರೆಸಿಸ್ಟರ್ ತುಂಡಾಗಿದ್ದರೆ ಇದೇ ಲಕ್ಷಣ.

ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದರೆ ಬಟನ್ನಿನ ದೀಪ ನೇರ ಬ್ಯಾಟರಿಗೆ ಹೋಗಿದೆಯೇ ನೋಡಿ. ಎಲ್ಲ ಆಫ್ ಮಾಡಿ ಮೈನಸ್ ವೈರಿನ ನಡುವೆ ಮೀಟರನ್ನು ಆಂಪಿಯರ್‌ಗೆ ಇಟ್ಟರೆ 50 ಮಿಲಿ ಆಂಪಿಯರಿನೊಳಗೆ ಬರಬೇಕು. ಮೀಟರ್ ನಡುವೆ ಇರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ಆರ್‌ಸಿಯಲ್ಲಿನ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಇಲ್ಲಿ ಹೇಳಿದ ಜೋಡಣೆಯಲ್ಲಿ ಚಾವಿ, ಸ್ಟೀರಿಂಗ್ ಲಾಕ್, ಇಂಜಿನ್ ಯಾವುದೂ ಬದಲಾಗುವುದಿಲ್ಲ. ಆದರೂ ವಿಮೆಯವರಿಗೆ ಬರಹದಲ್ಲಿ ತಿಳಿಸಿ ಒಂದು ಪ್ರತಿ ಇಟ್ಟುಕೊಳ್ಳಿ. ಬೆಂಕಿ ಅಥವಾ ಕಳ್ಳತನದ ಕ್ಲೇಮ್ ಬಂದಾಗ ಸರ್ವೇಯರ್ ಮೊದಲು ನೋಡುವುದೇ ಹೊರಗಿನಿಂದ ಹಾಕಿದ ವೈರುಗಳನ್ನು. ವಾರಂಟಿ ಇರುವ ಗಾಡಿಗೆ ಕೈ ಹಾಕಬೇಡಿ.

ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಮೊದಲು, ರಿಲೇ ಕಿತ್ತು ಪಿನ್ನುಗಳನ್ನು ನೋಡಿ. ನೀಲಿ ಅಥವಾ ಕಂದು ಛಾಯೆ ಬಂದಿದ್ದರೆ ಅದು ಕಾದಿದೆ, ರಿಲೇ ಮತ್ತು ಆ ಲಗ್ಗು ಎರಡನ್ನೂ ಬದಲಿಸಿ. ಡ್ರಾಯರಿನ ಹೆಚ್ಚುವರಿ ರಿಲೇ ಜೊತೆಗೆ ಎರಡೂ ತುದಿಗೆ 6.3 ಮಿಮೀ ಗಂಡು ಲಗ್ಗು ಒತ್ತಿದ, ಒಂದು ಗೇಣಿನ 4 ಚದರ ಮಿಮೀ ವೈರ್ ತುಂಡೂ ಇರಲಿ. ಎರಡೂ ರಿಲೇ ಕೈಕೊಟ್ಟ ದಿನ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಾವಿ ಆನ್ ಮಾಡಿ. ರಿಲೇ ಕಿತ್ತ ಬೇಸಿನ 87ರಲ್ಲಿ ಒಂದು ತುದಿಯನ್ನು ಗಟ್ಟಿಯಾಗಿ ಸಿಕ್ಕಿಸಿ, ಹೊದಿಕೆಯ ಮೇಲೆ ಹಿಡಿದು ಇನ್ನೊಂದನ್ನು 30ಕ್ಕೆ ತಾಗಿಸಿದರೆ ಸೆಲ್ಫ್ ಹೊಡೆಯುತ್ತದೆ. ಸಣ್ಣ ಕಿಡಿ ಹಾರುತ್ತದೆ, ಹೆದರಬೇಡಿ, ಇಂಜಿನ್ ಹಿಡಿದ ಕ್ಷಣ ತುದಿ ಹಿಂದಕ್ಕೆ ಎಳೆಯಿರಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಕೆಲಸ ಮಾಡಬೇಡಿ, ಗಾಡಿಯನ್ನು ದಬ್ಬಿಯೂ ಸ್ಟಾರ್ಟ್ ಮಾಡಬೇಡಿ.